ಹಳೇ ಸೌದೆ ಬಾಯ್ಲರ್: ಬೆಂಕಿ ಹಚ್ಚೋ ಮುಂಚೆ

ಇವತ್ತಿನ ವಿಷಯ ಬಿಸಿನೀರಿನ ಸ್ನಾನ.

ಹೋದ ತಿಂಗಳು ಕೊಪ್ಪದ ಅಜ್ಜಿ ಮನೆಗೆ ಒಂದು ಹಳೇ ಸೌದೆ ಬಾಯ್ಲರ್ ತಂದ್ವಿ. ಗುಜರಿ ಅಂಗಡಿಯಲ್ಲಿ ಹೊಸದರ ಅರ್ಧ ಬೆಲೆ. ಬಿ.ಕಾಂ. ಓದಿದ ನನಗೆ ಉಳಿತಾಯದ ಲೆಕ್ಕ ಮಾತ್ರ ಕಾಣಿಸ್ತು. ಬಚ್ಚಲಮನೆ ಒಳಗೇ ಇಡೋಣ ಅಂದೆ. ಅಜ್ಜಿ ಒಂದೇ ಮಾತು ಕೇಳಿದ್ರು: "ಹೊಗೆ ಎಲ್ಲಿಗೆ ಹೋಗ್ತದೆ ಮಾರಾಯ?"

ಕಣ್ಣಿಗೆ ಕಾಣೋ ಹೊಗೆಗಿಂತ ಕಾಣದ್ದು ಅಪಾಯ. ಗಾಳಿ ಸಾಲದೆ ಸೌದೆ ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಾಗಿಲು ಹಾಕ್ಕೊಂಡು ಸ್ನಾನ ಮಾಡೋರಿಗೆ ಮೊದಲು ತಲೆನೋವು, ತಲೆಸುತ್ತು. ಆಮೇಲೆ ಪ್ರಜ್ಞೆಯೇ ತಪ್ಪಬಹುದು. ಬರೀ ಕೆಂಡದಿಂದಲೂ ಅದು ಬರುತ್ತೆ.

ಅದಕ್ಕೇ ಬಾಯ್ಲರನ್ನ ಗೋಡೆಯಾಚೆ, ಹೊರಗೆ, ಸಿಮೆಂಟ್ ಕಟ್ಟೆ ಮೇಲೆ ಕೂರಿಸಿದ್ವಿ. ಒಳಗೆ ಬರೋದು ಬಿಸಿನೀರಿನ ಪೈಪ್ ಮಾತ್ರ. ಹೊಗೆ ಕೊಳವೆ ತುಕ್ಕು ಹಿಡಿದು ತೂತಾಗಿತ್ತು. ಹೊಸದು ಹಾಕಿ, ಮಾಡಿನ ಮರದಿಂದ ದೂರವಿಟ್ಟು, ಹಂಚಿಗಿಂತ ಮೇಲಕ್ಕೆ ಎತ್ತಿದ್ವಿ. ನೀರು ತುಂಬಿ ಸೋರುತ್ತಾ ಅಂತ ನೋಡಿದ್ಮೇಲೇ ಬೆಂಕಿ.

ಇನ್ನೆರಡು ಮಾತು. ಆವಿ ಹೋಗೋ ಪೈಪನ್ನ ಯಾವತ್ತೂ ಮುಚ್ಚಬೇಡಿ, ಒತ್ತಡ ಹೆಚ್ಚಿ ಬಾಯ್ಲರ್ ಸಿಡೀಬಹುದು. ಕೊಳವೆಯ ಮಸಿ ಆಗಾಗ ತೆಗೀರಿ, ಅದಕ್ಕೂ ಬೆಂಕಿ ಹತ್ಕೊಳ್ಳುತ್ತೆ.

ನಿಮ್ಮನೇಲಿ ಒಲೆ ಬಚ್ಚಲ ಒಳಗೇ ಇದ್ಯಾ? ಸ್ನಾನ ಮಾಡುವಾಗ ತಲೆ ಸುತ್ತಿದ್ರೆ ತಕ್ಷಣ ಹೊರಗೆ ಬನ್ನಿ, 108ಕ್ಕೆ ಕರೆ ಮಾಡಿ.

ಉಳಿಸಿದ ದುಡ್ಡಾ? ಕೊಳವೆಗೂ ಗಾರೆ ಕೆಲಸಕ್ಕೂ ಬಹುಪಾಲು ಹೋಯ್ತು. ಅಜ್ಜಿ ಈಗ ನಿಶ್ಚಿಂತೆಯಿಂದ ಬಾಗಿಲು ಹಾಕ್ಕೊಂಡು ಸ್ನಾನ ಮಾಡ್ತಾರೆ. ಮುಂದಿನ ವಾರ ಸಿಗೋಣ.