ಕರೆಂಟ್ ಬಂದರೂ ತಿರುಗದ ಪೆಟ್ರೋಲ್ ಪಂಪು

ಇಳಕಲ್ಲಿನಿಂದ ಬಾದಾಮಿ ಕಡೆಗೆ ಹೊರಟ ಕಾರೊಂದು ಏಪ್ರಿಲ್ ಬಿಸಿಲಿನಲ್ಲಿ ಗುಡೂರಿನ ಹತ್ತಿರ ನಿಂತುಬಿಟ್ಟಿತು ಎಂದಿಟ್ಟುಕೊಳ್ಳಿ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಚಾಲೂ ಆಗುವುದಿಲ್ಲ. ಬ್ಯಾಟರಿ ಗಟ್ಟಿಯಾಗಿದೆ, ಟ್ಯಾಂಕಿನಲ್ಲಿ ಪೆಟ್ರೋಲೂ ಇದೆ. ಬಂದು ನೋಡಿದ ಮೆಕ್ಯಾನಿಕ್, "ಪಂಪ್ ಹೋಗೇತ್ರಿ, ಹೊಸಾದು ಹಾಕಬೇಕು" ಅನ್ನುತ್ತಾನೆ. ಸಾವಿರಾರು ರೂಪಾಯಿಯ ಮಾತು. ಹಾಕಿಸಿಯೂ ಆಯಿತು; ಸ್ವಲ್ಪ ದಿನಕ್ಕೆ ಕಾರು ಮತ್ತೆ ನಿಂತಿತು. ಇಂಥ ಎಷ್ಟೋ ಕಾರುಗಳಲ್ಲಿ ಪಂಪು ನೆಟ್ಟಗೇ ಇರುತ್ತದೆ, ದೋಷವಿರುವುದು ವೈರಿನಲ್ಲಿ. ಅದನ್ನು ಪತ್ತೆ ಹಚ್ಚುವುದು ಹೇಗೆ ಎಂಬುದೇ ಇವತ್ತಿನ ವಿಷಯ.

1983ರ ಕೊನೆಗೆ ರಸ್ತೆಗಿಳಿದ ಮಾರುತಿ 800ರಲ್ಲಿ ಈ ರಗಳೆ ಇರಲಿಲ್ಲ. ಅದರ ಪೆಟ್ರೋಲ್ ಪಂಪು ಎಂಜಿನ್ ತಿರುಗಿದಂತೆ ತಾನೂ ಆಡುತ್ತಿತ್ತು, ಕರೆಂಟಿನ ಹಂಗಿರಲಿಲ್ಲ. 2000ದ ಹೊತ್ತಿಗೆ ಹೊಗೆಯ ನಿಯಮಗಳು ಬಿಗಿಯಾದವು, ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್ ಬಂತು. ಇಂಜೆಕ್ಟರಿಗೆ ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ಬೇಕು. ಹೀಗಾಗಿ ಟ್ಯಾಂಕಿನೊಳಗೇ ಒಂದು ಎಲೆಕ್ಟ್ರಿಕ್ ಮೋಟಾರು ಸೇರಿಕೊಂಡಿತು. ನಮ್ಮ ಹೊಲದ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರಿನ ಹಾಗೇ ಇದರ ಬಾಳು. ಅದು ನೀರಿನಲ್ಲಿ ಮುಳುಗಿ ತಂಪಾಗಿರುತ್ತದೆ, ಇದು ಪೆಟ್ರೋಲಿನಲ್ಲಿ. ಬೋರು ಬತ್ತಿದರೆ ಅದು ಸುಡುತ್ತದೆ. ಸದಾ ರಿಸರ್ವಿನಲ್ಲೇ ಗಾಡಿ ಓಡಿಸಿದರೆ ಇದೂ ಬೇಗ ಸವೆಯುತ್ತದೆ. ವೋಲ್ಟೇಜು ಇಳಿದಾಗ ಬೋರಿನ ಮೋಟಾರು ಗುಂಯ್ಗುಡುತ್ತದೆಯೇ ಹೊರತು ನೀರೆತ್ತುವುದಿಲ್ಲ ಎಂಬುದು ರೈತರಿಗೆಲ್ಲ ಗೊತ್ತು. ಕಾರಿನಲ್ಲಿ ಅದೇ ಆದಾಗ ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಮೊದಲು ಕಿವಿಗೆ ಕೆಲಸ ಕೊಡಿ. ರೇಡಿಯೋ ಬಂದ್ ಮಾಡಿ, ಸೆಲ್ಫ್ ಹೊಡೆಯದೆ ಕೀಲಿಯನ್ನು ಆನ್ ಮಾಡಿ. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ ಸುಮಾರು ಎರಡು ಸೆಕೆಂಡು ಸಣ್ಣಗೆ ಗುಂಯ್ ಎಂದು ಕೇಳಿ ನಿಲ್ಲುತ್ತದೆ. ನಿಲ್ಲುವುದೇ ಸರಿ. ಎಂಜಿನ್ ತಿರುಗುತ್ತಿದೆ ಎಂದು ಕ್ರ್ಯಾಂಕ್ ಸೆನ್ಸರ್ ಹೇಳುವ ತನಕ ಕಾರಿನ ಕಂಪ್ಯೂಟರು ಪಂಪನ್ನು ಮತ್ತೆ ಓಡಿಸುವುದಿಲ್ಲ. ಅಪಘಾತದಲ್ಲಿ ಎಂಜಿನ್ ನಿಂತ ಮೇಲೂ ಪೆಟ್ರೋಲ್ ಹರಿಯುತ್ತಲೇ ಇದ್ದರೆ ಏನಾದೀತು, ಯೋಚಿಸಿ. ಕೆಲವು ಕಾರುಗಳಲ್ಲಿ ಕಂಪ್ಯೂಟರಿಗೆ ಕೀಲಿಯ ಗುರುತು ಸಿಗದಿದ್ದರೂ ಪಂಪು ಸುಮ್ಮನಿರುತ್ತದೆ. ಮೀಟರಿನಲ್ಲಿ ಕೀಲಿಯ ದೀಪ ಮಿಣುಕುತ್ತಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಗುಂಯ್ ಕೇಳಲಿಲ್ಲವೆಂದರೆ ಫ್ಯೂಸ್ ನೋಡಬೇಕು. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ಮತ್ತೆ ಸುಟ್ಟರೆ ಎಲ್ಲೋ ವೈರಿನ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿರಬಹುದು. ಸುಗ್ಗಿಯ ಹೊತ್ತಿನಲ್ಲಿ ಜೋಳದ ಚೀಲಗಳ ಪಕ್ಕ ಕಾರು ನಿಲ್ಲಿಸುವವರು ಇಲಿಯನ್ನು ಮೊದಲು ಅನುಮಾನಿಸಬೇಕು. ದಪ್ಪ ಫ್ಯೂಸೋ ತಾಮ್ರದ ಎಳೆಯೋ ಹಾಕಿ ಓಡಿಸುವವರಿದ್ದಾರೆ. ಆ ವೈರು ಪೆಟ್ರೋಲ್ ಟ್ಯಾಂಕಿನೊಳಗೇ ಹೋಗುತ್ತದೆ ಎಂಬುದು ಅವರಿಗೆ ನೆನಪಿರುವುದಿಲ್ಲವೋ ಏನೋ.

ಫ್ಯೂಸ್ ಸರಿಯಿದ್ದರೆ ಮುಂದಿನದು ರಿಲೇ, ಅಂದರೆ ಪಂಪಿಗೆ ಕರೆಂಟು ಬಿಡುವ ಸ್ವಿಚ್ಚು. ಅನೇಕ ಕಾರುಗಳಲ್ಲಿ ಹಾರ್ನಿನ ರಿಲೇಯೂ ಇದೂ ಒಂದೇ ನಮೂನೆ. ಮೇಲಿನ ನಂಬರು ಸರಿಹೊಂದಿದರೆ ಅದಲು ಬದಲು ಮಾಡಿ ನೋಡಬಹುದು, ಖರ್ಚಿಲ್ಲದ ಪರೀಕ್ಷೆ. ಒಳಗಿನ ಬೆಸುಗೆ ಬಿರುಕು ಬಿಟ್ಟ ರಿಲೇ ಮಧ್ಯಾಹ್ನದ ಕಾವಿಗೆ ಕೈಕೊಟ್ಟು, ಸಂಜೆ ತಣ್ಣಗಾದ ಮೇಲೆ ಏನೂ ಆಗದ ಹಾಗೆ ಕೆಲಸ ಮಾಡುತ್ತದೆ. ಇಂಥ ದೋಷವನ್ನು ಕಾರು ನಿಂತಿರುವಾಗಲೇ ಹಿಡಿಯಬೇಕು. ಮರುದಿನ ಮುಂಜಾನೆ ಗ್ಯಾರೇಜಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ಇನ್ನು ಮುಖ್ಯ ಮಾತಿಗೆ ಬರೋಣ. ಹಿಂದಿನ ಸೀಟು ಎತ್ತಿದರೆ ಪಂಪಿಗೆ ವೈರು ಜೋಡಿಸುವ ಕಪ್ಲರ್ ಸಿಗುತ್ತದೆ. ಮೆಕ್ಯಾನಿಕ್ ಅದನ್ನು ಕಳಚಿ, ಮಲ್ಟಿಮೀಟರ್ ಹಿಡಿದು, "12 ವೋಲ್ಟ್ ಬರಾಕತ್ತೇತಿ, ಅಂದ್ರ ಪಂಪ್ ಸತ್ತೇತಿ" ಎಂದು ತೀರ್ಪು ಕೊಡುತ್ತಾನೆ. ಎಡವಟ್ಟಾಗುವುದು ಇಲ್ಲೇ. ಮಲ್ಟಿಮೀಟರ್ ಎಳೆದುಕೊಳ್ಳುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಒಂದು ಉಳಿದಿದ್ದರೂ ಮೀಟರು 12 ವೋಲ್ಟನ್ನೇ ತೋರಿಸುತ್ತದೆ. ಪಂಪಿಗೆ ಬೇಕಾದದ್ದು 5 ಆಂಪಿಯರಿನ ಆಸುಪಾಸು. ಧೂಳು, ತೇವ ಸೇರಿ ಹಸಿರುಗಟ್ಟಿದ ಕಪ್ಲರಿನಲ್ಲಿ 0.8 ಓಮ್ ಪ್ರತಿರೋಧ ಹುಟ್ಟಿದೆ ಅನ್ನಿ. 5 ಆಂಪಿಯರ್ ಹರಿದಾಗ ಅಲ್ಲೇ 4 ವೋಲ್ಟ್ ಕರಗಿಹೋಗುತ್ತದೆ, ಪಂಪಿಗೆ ಉಳಿಯುವುದು 8. ಕರಗಿದ್ದು 20 ವ್ಯಾಟ್ ಕಾವಾಗಿ ಕಪ್ಲರಿನ ಪ್ಲಾಸ್ಟಿಕ್ಕನ್ನು ಸುಡುತ್ತದೆ. ಹೊಸ ಪಂಪಿನಿಂದ ಆಗುವ ಪ್ರಯೋಜನವೆಂದರೆ, ಹಾಕುವಾಗ ಕಪ್ಲರನ್ನು ಕಳಚಿ ಮತ್ತೆ ಒತ್ತಿ ಕೂರಿಸುವುದರಿಂದ ತುಕ್ಕು ಸ್ವಲ್ಪ ಕೆರೆದು ಕೆಲವು ದಿನ ಕಾರು ಓಡುತ್ತದೆ!

ಆದ್ದರಿಂದ ಅಳೆಯುವುದಾದರೆ ಭಾರ ಹೊರಿಸಿಯೇ ಅಳೆಯಬೇಕು. ಸುಲಭದ ಸಾಧನ, ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರು ಬೆಸೆದ ಟೆಸ್ಟ್ ಲ್ಯಾಂಪು. ಕಳಚಿದ ಕಪ್ಲರಿಗೆ ಅದನ್ನು ಹಿಡಿದು, ಇನ್ನೊಬ್ಬರಿಗೆ ಕೀಲಿ ಆನ್ ಮಾಡಲು ಹೇಳಿ. ಆ ಎರಡು ಸೆಕೆಂಡು ಬಲ್ಬು ಝಗ್ಗೆಂದು ಬೆಳಗಬೇಕು. ಮಂಕಾದರೆ ದಾರಿಯಲ್ಲಿ ದೋಷವಿದೆ.

ಇನ್ನೂ ಕರಾರುವಾಕ್ಕಾಗಿ ತಿಳಿಯಬೇಕಾದರೆ ಬಲ್ಲ ಮೆಕ್ಯಾನಿಕ್ ರಿಲೇ ಕಿತ್ತು, ಅದರ ಸಾಕೆಟ್ಟಿನ 30 ಮತ್ತು 87 ನಂಬರಿನ ಪಿನ್ನುಗಳನ್ನು ಫ್ಯೂಸ್ ಇರುವ ತುಂಡು ವೈರಿನಿಂದ ಜೋಡಿಸಿ ಪಂಪು ಓಡುತ್ತಲೇ ಇರುವಂತೆ ಮಾಡುತ್ತಾನೆ. ಕಪ್ಲರ್ ಜೋಡಿಸಿದಂತೆಯೇ, ಹಿಂಬದಿಯಿಂದ ಮೀಟರಿನ ಮೊನೆ ತೂರಿಸಿ ಅಳೆಯುತ್ತಾನೆ. ಬ್ಯಾಟರಿಯಲ್ಲಿ 12.4, ಪಂಪಿನಲ್ಲಿ 12 ಇದ್ದರೆ ವೈರಿಂಗ್ ಸರಿ. 9 ಬಂದರೆ, ಮೀಟರಿನ ಒಂದು ಮೊನೆ ಪಂಪಿನ ಅರ್ಥ್ ಪಿನ್ನಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ. ಅಲ್ಲಿ 0.2 ವೋಲ್ಟಿನೊಳಗೆ ತೋರಿಸಬೇಕು. 2 ವೋಲ್ಟ್ ತೋರಿಸಿದರೆ ಅರ್ಥ್ ವೈರು ಬಾಡಿಗೆ ಸೇರುವ ಬೋಲ್ಟಿನ ಬುಡ ತುಕ್ಕು ಹಿಡಿದಿರುತ್ತದೆ. ಉಪ್ಪುಕಾಗದದಿಂದ ತಿಕ್ಕಿ ಬಿಗಿದರೆ ಮುಗಿಯಿತು. ನನ್ನ ಪ್ರಕಾರ ಇದರಷ್ಟು ಅಗ್ಗದ, ಇದರಷ್ಟು ಅಲಕ್ಷ್ಯಕ್ಕೊಳಗಾದ ರಿಪೇರಿ ಇನ್ನೊಂದಿಲ್ಲ.

ಸೀಟು ಎತ್ತುವ ಮೊದಲು ಬೀಡಿ, ಸಿಗರೇಟು ದೂರವಿರಲಿ, ಕಾರಿನ ಬಾಗಿಲು ತೆರೆದಿರಲಿ. ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ ಯಾವ ವೈರನ್ನೂ ಮುಟ್ಟಬೇಡಿ. ಕರೆಂಟ್ ಬರುತ್ತಿದೆಯೇ ಎಂದು ವೈರನ್ನು ಬಾಡಿಗೆ ತಾಗಿಸಿ ಕಿಡಿ ನೋಡುವ ಚಟವಂತೂ ಇಲ್ಲಿ ಬೇಡವೇ ಬೇಡ.

ಪೂರ್ತಿ ವೋಲ್ಟೇಜು ಭಾರದಲ್ಲೂ ಬಂದು, ಪಂಪು ಮಾತ್ರ ಮೌನವಾಗಿದ್ದರೆ ಆಗ ಅದರ ಮೇಲೆ ತಪ್ಪು ಹೊರಿಸಬಹುದು. ಟ್ಯಾಂಕಿನ ತಳಕ್ಕೆ ರಬ್ಬರಿನ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಚಾಲೂ ಆದರೆ ಮೋಟಾರಿನ ಬ್ರಷ್ ಸವೆದಿದೆ. ಊರು ಸೇರಿಕೊಂಡು ಹೊಸದನ್ನು ಹಾಕಿಸಿ. ಗುಂಯ್ಗುಟ್ಟಿಯೂ ಎಂಜಿನ್ ಚಾಲೂ ಆಗದಿದ್ದರೆ ಫಿಲ್ಟರ್, ಒತ್ತಡ ಎಂದು ಹುಡುಕಾಟ ಬೇರೆ ದಾರಿ ಹಿಡಿಯುತ್ತದೆ.

ಹಾಕಿಸುವಾಗ ಒಂದು ಮಾತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ, 20 ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲ್ ಈಗ ಬಂಕುಗಳಿಗೆ ಬಂದಿದೆ. ಎಥೆನಾಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಹಳೆಯ ಕಾರಿಗೆ ಪಂಪು ಕೊಳ್ಳುವಾಗ ಅದು ಈ ಪೆಟ್ರೋಲಿಗೆ ಒಗ್ಗುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ. ಸುಟ್ಟು ಕಂದಾದ ಕಪ್ಲರ್ ಇದ್ದರೆ ಅದನ್ನೂ ಬದಲಿಸಿ. ಸೀಟು ಮುಚ್ಚುವ ಮುನ್ನ ಪಂಪು ಓಡುತ್ತಿರುವಾಗ ವೋಲ್ಟೇಜನ್ನು ಇನ್ನೊಮ್ಮೆ ಅಳೆದು, ಆ ಅಂಕಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.