ನೀರು ಬಂದರೆ ಎಲ್ಲಿಗೆ?

ಇಂದು ಪದವಿ ಪಡೆಯುತ್ತಿರುವ ಯುವ ಮಿತ್ರರೇ,

ನಿಮ್ಮಲ್ಲಿ ಹಲವರು ನಾಳೆ ಕಡಲತಡಿಯ ಊರುಗಳ ನಕ್ಷೆ ಬರೆಯುವವರು, ಅವಕ್ಕೆ ಮಂಜೂರಾತಿ ಕೊಡುವವರು. ಹಾಗಾಗಿ ಒಂದು ನಗರದ ಅನುಭವವನ್ನು ನಿಮ್ಮ ಮುಂದಿಡುತ್ತೇನೆ.

ಜರ್ಮನಿಯ ಹ್ಯಾಂಬರ್ಗ್ ಇರುವುದು ಸಮುದ್ರದಿಂದ ಸುಮಾರು ನೂರು ಕಿಲೋಮೀಟರ್ ಒಳನಾಡಿನಲ್ಲಿ, ಎಲ್ಬೆ ನದಿಯ ದಂಡೆಯಲ್ಲಿ. ಆದರೂ ಕಡಲಿನ ಉಬ್ಬರ ಅಲ್ಲಿಯವರೆಗೂ ಏರಿ ಬರುತ್ತದೆ. 1962ರ ಫೆಬ್ರುವರಿ 16ರ ರಾತ್ರಿ ಬೀಸಿದ ಬಿರುಗಾಳಿ ನೀರನ್ನು ಸಮುದ್ರಮಟ್ಟದಿಂದ 5.70 ಮೀಟರಿಗೆ ಎತ್ತಿತು. ತಡೆದಿಬ್ಬಗಳು ಹತ್ತಾರು ಕಡೆ ಒಡೆದವು. ನಗರದಲ್ಲಿ 315 ಜನ ಸತ್ತರು. ಹೆಚ್ಚಿನ ಸಾವು ಸಂಭವಿಸಿದ್ದು ತಗ್ಗಿನಲ್ಲಿದ್ದ ಬಡಾವಣೆ ವಿಲ್ಹೆಲ್ಮ್ಸ್‌ಬುರ್ಗ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಮನೆ ಕಳೆದುಕೊಂಡು ತೋಟದ ಗುಡಿಸಲುಗಳಲ್ಲಿ ಉಳಿದಿದ್ದ ಬಡವರೂ ಅವರಲ್ಲಿದ್ದರು. ನೀರು ಮೊದಲು ಹುಡುಕಿಕೊಂಡು ಹೋಗುವುದು ಇಂಥವರನ್ನೇ.

ನಗರ ದಿಬ್ಬಗಳನ್ನು ಎತ್ತರಿಸಿತು. 1976ರಲ್ಲಿ ನೀರು 6.45 ಮೀಟರ್ ಮುಟ್ಟಿದರೂ 1962ರ ದುರಂತ ಮರುಕಳಿಸಲಿಲ್ಲ. ಆಮೇಲೆ, ದಿಬ್ಬದ ಹೊರಗಿದ್ದ ಹಳೆಯ ಬಂದರಿನ ಜಾಗದಲ್ಲಿ ಹಾಫೆನ್‌ಸಿಟಿ ಎಂಬ ಹೊಸ ಬಡಾವಣೆ ಕಟ್ಟಲು ಹೊರಟಾಗ, ಅದರ ಸುತ್ತ ಮತ್ತೊಂದು ದಿಬ್ಬ ಬೇಡವೆಂದು ತೀರ್ಮಾನಿಸಿದರು. ದಿಬ್ಬಗಳಿಲ್ಲದ ಕಾಲದಲ್ಲಿ ಜರ್ಮನಿಯ ಕರಾವಳಿಯ ರೈತರು ಮಣ್ಣಿನ ಗುಡ್ಡೆ ಹಾಕಿ ಅದರ ಮೇಲೆ ಮನೆ ಕಟ್ಟುತ್ತಿದ್ದರು. ಅದೇ ಉಪಾಯ ಇಲ್ಲಿ ಹೊಸ ರೂಪ ಪಡೆಯಿತು. ಕಟ್ಟಡಗಳನ್ನು ಸಮುದ್ರಮಟ್ಟದಿಂದ ಎಂಟು-ಒಂಬತ್ತು ಮೀಟರ್ ಎತ್ತರಕ್ಕೆ ಏರುವ ಪೀಠದ ಮೇಲೆ ನಿಲ್ಲಿಸಿದರು. ಪೀಠದೊಳಗೆ ಕಾರು ನಿಲುಗಡೆ, ಅದಕ್ಕೆ ನೀರು ತಡೆಯುವ ಬಾಗಿಲು. ಅಗ್ನಿಶಾಮಕ ವಾಹನಗಳಿಗೆ ಎತ್ತರದ ದಾರಿ. ನದಿಯಂಚಿನ ಕಾಲುದಾರಿಯನ್ನು ಮಾತ್ರ ಬೇಕೆಂದೇ ತಗ್ಗಿನಲ್ಲಿ ಬಿಟ್ಟರು. ಬಿರುಗಾಳಿ ಬಂದಾಗ ಅದು ಮುಳುಗುತ್ತದೆ, ನೀರು ಇಳಿದ ಮೇಲೆ ಜನ ಮತ್ತೆ ಅಲ್ಲಿ ಓಡಾಡುತ್ತಾರೆ.

ಇನ್ನು ನಮ್ಮ ಕರಾವಳಿಯ ಉಳ್ಳಾಲದಲ್ಲಿ ಮಳೆಗಾಲ ಬಂತೆಂದರೆ ಕಡಲ್ಕೊರೆತದ ಭಯ. ಬಂಡೆಗಲ್ಲು ಸುರಿದ ಕಡೆ ದಂಡೆ ಸ್ವಲ್ಪ ಕಾಲ ಉಳಿದೀತು. ಆದರೆ ತೀರದುದ್ದಕ್ಕೂ ಸಾಗುವ ಮರಳಿನ ದಾರಿ ಕಟ್ಟಿಹೋದರೆ ಕೊರೆತ ಪಕ್ಕದೂರಿಗೆ ದಾಟುತ್ತದೆ. ಇದರ ಜೊತೆಗೆ, 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಏರಿಕೆಯ ವೇಗವೂ ಹೆಚ್ಚುತ್ತಿದೆ. ಹಾಗೆಂದು ಹ್ಯಾಂಬರ್ಗಿನ ಪೀಠಗಳನ್ನು ನಮ್ಮ ಮರಳು ದಂಡೆಯ ಮೇಲೆ ತಂದಿಡಲಾಗದು. ದೋಣಿ ಎಳೆದು ನಿಲ್ಲಿಸುವ ಮೀನುಗಾರರಿಗೆ ತಗ್ಗಿನ ತೀರವೇ ಬೇಕು. ಆದರೆ ಹ್ಯಾಂಬರ್ಗಿನವರು ಮೊದಲೇ ಕೇಳಿಕೊಂಡ ಪ್ರಶ್ನೆ ನಮಗೂ ಸಲ್ಲುತ್ತದೆ: ನೀರು ಬಂದರೆ ಎಲ್ಲಿಗೆ ಹೋಗಬೇಕು, ಯಾರ ಮನೆಗೆ ಹೋಗಬಾರದು?

ಮಿತ್ರರೇ, ನಕ್ಷೆಯ ಮೇಲೆ ಮೊದಲ ಗೆರೆ ಎಳೆಯುವ ಮುನ್ನ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ದಂಡೆಯ ಜನರನ್ನು ಕೇಳಿ. ಅಳಿವೆಯ ಕಾಂಡ್ಲಾ ಕಾಡನ್ನೂ ಮರಳ ದಿಣ್ಣೆಯನ್ನೂ ಖಾಲಿ ಜಾಗವೆಂದು ಗುರುತಿಸಬೇಡಿ. ಒಂದು ದಂಡೆಯನ್ನು ಉಳಿಸಲು ಇನ್ನೊಂದನ್ನು ಬಲಿಕೊಡುವ ಯೋಜನೆ ನಿಮ್ಮ ಮೇಜಿಗೆ ಬಂದರೆ, ಎಷ್ಟೇ ಒತ್ತಡವಿರಲಿ, ಸಹಿ ಹಾಕಬೇಡಿ. ಇಂದು ನಿಮ್ಮ ಕೈಸೇರಿದ ಪದವಿ ಆ ಅಧಿಕಾರವನ್ನು ನಿಮಗೆ ಕೊಟ್ಟಿದೆ. ಅದನ್ನು ಬಳಸುವ ಧೈರ್ಯವೂ ನಿಮ್ಮದಾಗಲಿ.