ಫ್ಲೂ ಬಂದರೆ ಉಬ್ಬಸದ ಎದೆಯೊಳಗೆ ಏನಾಗುತ್ತದೆ?

ಜೂನ್‌ನಲ್ಲಿ ಶಾಲೆ ಶುರುವಾಗಿ ಮಳೆ ಹಿಡಿಯಿತೆಂದರೆ ನಮ್ಮಲ್ಲಿ ಫ್ಲೂ ಕಾಟವೂ ಶುರು. ಜ್ವರ, ಮೈಕೈ ನೋವು, ಕೆಮ್ಮು. ಹೆಚ್ಚಿನ ಮಕ್ಕಳು ವಾರದೊಳಗೆ ಎದ್ದು ಆಟಕ್ಕೆ ಓಡುತ್ತಾರೆ. ಉಬ್ಬಸ, ಅಂದರೆ ಅಸ್ತಮಾ ಇರುವ ಮಗುವಿಗೆ ಮಾತ್ರ ಅದೇ ಫ್ಲೂ ಎದೆಗಿಳಿದು ಸತಾಯಿಸುವುದುಂಟು. ಏಕೆ ಹೀಗೆ?

ಫ್ಲೂ ವೈರಸ್ ಎಷ್ಟು ಚಿಕ್ಕದೆಂದರೆ, ನಿಮ್ಮ ಸ್ಕೇಲಿನ ಒಂದು ಮಿಲಿಮೀಟರ್ ಜಾಗದಲ್ಲಿ ಸುಮಾರು 10,000 ವೈರಸ್‌ಗಳು ಸಾಲಾಗಿ ಕೂರಬಹುದು. ಅದು ಮೂಗು, ಗಂಟಲು, ಉಸಿರು ನಾಳಗಳ ಒಳಪದರದ ಜೀವಕೋಶಗಳಿಗೆ ನುಗ್ಗಿ, ಅಲ್ಲೇ ತನ್ನಂಥ ಸಾವಿರಾರು ವೈರಸ್‌ಗಳನ್ನು ಹುಟ್ಟಿಸುತ್ತದೆ. ದೇಹ ಸುಮ್ಮನಿರುತ್ತದೆಯೇ? ರಕ್ತದ ಬಿಳಿ ಕಣಗಳು ಧಾವಿಸಿ ಬರುತ್ತವೆ. ಒಳಪದರ ಊದುತ್ತದೆ, ಕಫ ಹೆಚ್ಚುತ್ತದೆ.

ಅಲರ್ಜಿಯಿಂದ ಉಬ್ಬಸ ಬರುವ ಮಕ್ಕಳಲ್ಲಿ ಈ ಊತ ಫ್ಲೂ ಬರುವ ಮೊದಲೇ ಸ್ವಲ್ಪ ಇರುತ್ತದೆ. ಅಲರ್ಜಿ ಎಂದರೆ ಬೆಕ್ಕು ಹಾದುಹೋದರೂ ಕಳ್ಳ ಬಂದನೆಂದು ಬೊಗಳುವ ನಾಯಿಯ ಹಾಗೆ. ಹಾಸಿಗೆಯ ದೂಳು, ಪಾರ್ಥೇನಿಯಂ ಗಿಡದ ಪರಾಗ ಇವೆಲ್ಲ ಪಾಪದವು. ಆದರೂ ದೇಹ ಅವುಗಳ ಮೇಲೆ ಯುದ್ಧಕ್ಕೆ ಹೊರಡುತ್ತದೆ. ಆ ಊತದ ಮೇಲೆ ಫ್ಲೂ ಊತವೂ ಸೇರಿತು. ನಾಳದ ಸುತ್ತಲಿನ ಸ್ನಾಯು ಬೇರೆ ಬಿಗಿಯುತ್ತದೆ. ಈಗ ಸ್ವಲ್ಪ ಲೆಕ್ಕ: ನಾಳದ ಅಗಲ ಅರ್ಧಕ್ಕಿಳಿದರೆ ಗಾಳಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, ಹೆಚ್ಚುಕಡಿಮೆ 16 ಪಟ್ಟು ಏರುತ್ತದೆ! ಮಕ್ಕಳ ನಾಳಗಳಂತೂ ಮೊದಲೇ ಸಣ್ಣವು. ಎದೆಯಿಂದ ಸುಯ್ ಸುಯ್ ಸದ್ದು ಬರುವುದು ಆ ಇಕ್ಕಟ್ಟಿನಲ್ಲಿ ಗಾಳಿ ನುಸುಳುವಾಗ.

2009ರಲ್ಲಿ ಎಚ್1ಎನ್1 ಫ್ಲೂ ಜಗತ್ತೆಲ್ಲ ಹರಡಿತಲ್ಲ, ಆಗ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಮೊದಲಿನಿಂದ ಇದ್ದ ಕಾಯಿಲೆಗಳಲ್ಲಿ ಅಸ್ತಮಾ ಹಲವು ದೇಶಗಳಲ್ಲಿ ಮುಂದಿನ ಸಾಲಿನಲ್ಲಿತ್ತು. ಉಬ್ಬಸ ತೀರಾ ಹಗುರವಾಗಿದ್ದ ಮಕ್ಕಳೂ ಅವರಲ್ಲಿದ್ದರು.

ಹಾಗಂತ ಹೆದರಿ ಕೂರಬೇಕಿಲ್ಲ. ದಿನವೂ ಎಳೆಯುವ ಇನ್ಹೇಲರ್ ಇದೆಯಲ್ಲ, ಅದು ಆ ಹಳೆಯ ಊತವನ್ನು ತಗ್ಗಿಸಿಡುತ್ತದೆ. ಸ್ಪೇಸರ್ ಕೊಳವೆಗೆ ಸಿಕ್ಕಿಸಿ, ಚೆನ್ನಾಗಿ ಕುಲುಕಿ, ಒಂದು ಪಫ್ ಒತ್ತಿ, ನಿಧಾನವಾಗಿ ಉಸಿರೆಳೆದುಕೊಂಡು, ಆಮೇಲೆ ಬಾಯಿ ಮುಕ್ಕಳಿಸಿದರೆ ಆಯಿತು. 'ಪಫ್ ಅಭ್ಯಾಸವಾಗಿಬಿಡುತ್ತೆ, ಬಿಡಿಸಿಬಿಡಿ' ಎನ್ನುವ ದೊಡ್ಡವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಅವರ ಮಾತು ಸರಿಯಲ್ಲ. ಅದು ಚಟ ಹಿಡಿಸುವ ಔಷಧವಲ್ಲ. ಮೈ ಚೆನ್ನಾಗಿದೆಯೆಂದು ಡಾಕ್ಟರನ್ನು ಕೇಳದೆ ನಿಲ್ಲಿಸಿದಾಗಲೇ ಫ್ಲೂಗೆ ಅನುಕೂಲ.

ಫ್ಲೂ ಲಸಿಕೆಯೂ ಇದೆ. ವೈರಸ್ ವೇಷ ಬದಲಿಸುತ್ತಲೇ ಇರುವುದರಿಂದ ಅದನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಹಾಕಿಸುವುದು ಒಳ್ಳೆಯದು. ಉಬ್ಬಸದ ಮಕ್ಕಳಿಗೆ ಮೂಗಿಗೆ ಸಿಂಪಡಿಸುವ ಬಗೆಗಿಂತ ಸೂಜಿಯದ್ದೇ ಸೂಕ್ತ. ಚುರ್ ಎನ್ನುತ್ತದೆ, ನಿಜ.

ಜ್ವರದ ನಡುವೆ ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು ಬಂದರೆ, ಉಸಿರೆಳೆದಾಗ ಪಕ್ಕೆಲುಬುಗಳ ನಡುವೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ಅಪ್ಪ ಅಮ್ಮನನ್ನು ಎಬ್ಬಿಸಿ, ಆಗಲೇ ಆಸ್ಪತ್ರೆಗೆ ಹೋಗಿ.